ಮೀನುಗಳಿಗೆ ಜೋಡಿ ನೋಡುವ ಶಟ್ಟೆಪ್ಪ

ಬೆಳಗಿನ ಐದೂವರೆ. ಬೈಲಹೊಂಗಲದ ಮಕ್ಕಳ ದವಾಖಾನೆಯ ಪಡಸಾಲೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮೂರಕ್ಕೆ ಹೋದ ಕರೆಂಟು ಬಂದಿಲ್ಲ. ಗೋಡೆಗೆ ತಾಗಿಸಿಟ್ಟ ಮೂರು ಫೂಟಿನ ಗಾಜಿನ ಪೆಟ್ಟಿಗೆಯ ಮುಂದೆ ಸ್ಟೂಲು ಹಾಕಿಕೊಂಡು ಶಟ್ಟೆಪ್ಪನವರು ನಿಂತಿದ್ದಾರೆ. ಅಲ್ಯುಮಿನಿಯಂ ಚರಿಗೆಯಿಂದ ಪೆಟ್ಟಿಗೆಯ ನೀರನ್ನು ಮೊಗೆಯುತ್ತಾರೆ, ಒಂದು ಮೊಳ ಮೇಲೆತ್ತುತ್ತಾರೆ, ಅದರೊಳಕ್ಕೇ ಸುರಿಯುತ್ತಾರೆ. ಮತ್ತೆ ಮೊಗೆಯುತ್ತಾರೆ.

“ಗಾಳಿ ಊದೂ ಮಸೀನ ಬಂದ್ ಬಿದ್ದೈತ್ರಿ ಬಾಯಾರ. ಹಿಂಗ ನೀರ ಬೀಳಿಸಿದ್ರ ಗಾಳಿ ಒಳಗ ಹೋಕ್ಕೈತಿ. ಇಲ್ಲಾಂದ್ರ ಮೀನ ಮ್ಯಾಲೆ ಬಂದು ಬಾಯಿ ಬಿಡತಾವ. ನೂರಾ ಐವತ್ತು ಸಲ ಹೊಯ್ದ್ರ ಒಂದ ತಾಸು ನಡೀತೈತಿ.”

ಚರಿಗೆ ಅಲ್ಯುಮಿನಿಯಮ್ಮಿನದೇ ಯಾಕೆ ಎಂದರೆ, ತಾಮ್ರ, ಹಿತ್ತಾಳೆಯ ಪಾತ್ರೆ ಈ ನೀರಿಗೆ ತಾಗಿಸಬಾರದಂತೆ. ಅದು ಮೀನಿಗೆ ವಿಷ. ಇವರ ಬಗ್ಗೆ ಬರೆಯಲೆಂದು ವಹಿ ಹಿಡಿದು ಬಂದಿರುವ ನಾನು, ಎಣಿಕೆಯನ್ನು ತಪ್ಪಿಸಬಾರದೆಂದು ಮುಂದೆ ಏನೂ ಕೇಳುವುದಿಲ್ಲ. ಅವರ ತುಟಿ ಅಲುಗುತ್ತಿರುತ್ತದೆ. ತೊಂಬತ್ತೊಂದು. ತೊಂಬತ್ತೆರಡು.

ಬೆಳಕು ಕಿಟಕಿಗೆ ಬಂದ ಮೇಲೆ ಪೆಟ್ಟಿಗೆಯೊಳಗಿನದು ಕಾಣುತ್ತದೆ. ನಡುವೆ ಒಂದು ಗಾಜಿನ ಪರದೆ ನಿಂತಿದೆ. ಎಡಕ್ಕೆ, ಅಡ್ಡ ಮಲಗಿಸಿಟ್ಟ ಒಂದು ಒಡಕು ಕುಡಿಕೆಯ ಬಾಯಲ್ಲಿ, ಮೂರು ಬೆರಳುದ್ದದ ಒಂದು ಹೆಣ್ಣುಮೀನು. ಹೊಟ್ಟೆಯ ಮೇಲೆ ಕುಂಕುಮ ಮೆತ್ತಿದಂಥ ಕೆಂಪು. ಬಲಕ್ಕೆ, ಅದಕ್ಕಿಂತ ತುಸು ಉದ್ದದ, ಬಾಲದಲ್ಲಿ ಚುಕ್ಕೆಗಳಿರುವ ಗಂಡು. ಅದು ಬಂದು ಹನ್ನೊಂದು ದಿನವಾಗಿದೆ. ಒಂದನ್ನೊಂದು ನೋಡಿ ರೂಢಿಯಾಗಲೆಂದು ಇಟ್ಟ ಈ ಪರದೆಯನ್ನು ಹದಿನೈದನೆಯ ದಿನ ತೆಗೆಯುವುದು.

ಎರಡೂ ಆಫ್ರಿಕದ ಹೊಳೆಯ ಮೀನುಗಳು. ಸಿಕ್ಲಿಡ್ ಎಂಬ ದೊಡ್ಡ ಬಳಗದಲ್ಲಿ ಚಿಕ್ಕ ಜಾತಿಯವು. ಮುಂಬಯಿಯ ಅಂಗಡಿಗಳಲ್ಲಿ ಇವಕ್ಕೆ ‘ಕ್ರಿಬ್’ ಎನ್ನುತ್ತಾರೆ. ಶಟ್ಟೆಪ್ಪನವರು ‘ಕುಂಕುಮದಾಕಿ’ ಎನ್ನುತ್ತಾರೆ. ಗಂಡಿಗೆ ಇನ್ನೂ ಹೆಸರಿಲ್ಲ. “ಆಕಿ ಒಪ್ಪಿಂದ ಹೆಸರ ಇಡೋಣಂತ,” ಎಂದು ಚರಿಗೆ ಕೆಳಗಿಡುತ್ತಾರೆ.

ಬಜಾರದ ಒಳಗಿನ ಓಣಿಯಲ್ಲಿ ಶಟ್ಟೆಪ್ಪನವರಿಗೆ ಫೋಟೋಗಳಿಗೆ ಚೌಕಟ್ಟು ಹಾಕುವ ಒಂದು ಗೇಣಗಲದ ಅಂಗಡಿ ಇದೆ. ಊರಿನ ಎಷ್ಟು ಮನೆಗಳ ಲಗ್ನದ ಫೋಟೋಗಳು, ತೀರಿಕೊಂಡವರ ಫೋಟೋಗಳು ಅವರು ಕತ್ತರಿಸಿದ ಗಾಜಿನ ಹಿಂದೆ ಇವೆಯೋ. ನಮ್ಮ ಮನೆಯ ಪಡಸಾಲೆಯ ಫೋಟೋ ಸಹ ಅಲ್ಲಿಂದಲೇ ಬಂದದ್ದು. ತಂಗಿಯನ್ನು ಕರೆದುಕೊಂಡು ಎಷ್ಟೋ ಸಲ ಈ ದವಾಖಾನೆಯ ಬೆಂಚಿನ ಮೇಲೆ ಕೂತಿದ್ದೇನೆ, ಮೀನು ನೋಡುತ್ತ ಅವಳು ಅಳು ಮರೆತಿದ್ದಾಳೆ. ಈ ನೀರು ಇಷ್ಟು ತಿಳಿಯಾಗಿ ಹೇಗಿದೆ, ಯಾರು ಇಡುತ್ತಾರೆ ಎಂದು ಒಂದು ಸಲವೂ ಕೇಳಿರಲಿಲ್ಲ. ಫೋಟೋ ಕಟ್ಟಿಸಿಕೊಂಡು ಬಂದವರೂ ಅವರನ್ನು ಕೇಳಿರಲಿಕ್ಕಿಲ್ಲ.

ಶಟ್ಟೆಪ್ಪನವರು ಹುಟ್ಟಿದ್ದು ದೊಡವಾಡದಲ್ಲಿ. ಐದು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ಬೆಳೆಸಿದವರು ಅಕ್ಕ ರಾಯವ್ವ. “ನನ್ನ ತೆಲಿ ಬಾಚಿದಾಕಿ, ಸಾಲಿಗೆ ಕೈ ಹಿಡದು ಕರಕೊಂಡ ಹೋದಾಕಿ,” ಎಂದು ಅಕ್ಕನ ಮಾತು ಬಂದಾಗಲೆಲ್ಲ ಹೇಳುತ್ತಾರೆ. ಅಕ್ಕ ರಾಮದುರ್ಗದ ನೇಕಾರರ ಮನೆಗೆ ಮದುವೆಯಾಗಿ ಹೋದ ಮೇಲೆ, ಹದಿನೇಳನೆಯ ವಯಸ್ಸಿಗೆ ಇವರು ಮುಂಬಯಿ ರೈಲು ಹತ್ತಿದರು. ಮೊದಲು ಗಾಜಿನ ಅಂಗಡಿ. ಆಮೇಲೆ ಕ್ರಾಫರ್ಡ್ ಮಾರ್ಕೆಟ್ಟಿನ ಹಿಂದೆ, ಸಾಹುಕಾರರ ಮನೆಗಳಿಗೆ ಮೀನಿನ ಪೆಟ್ಟಿಗೆ ಮಾಡಿಕೊಡುವ ಒಬ್ಬ ಉಸ್ತಾದರ ಕೈಕೆಳಗೆ ಹದಿನಾಲ್ಕು ವರ್ಷ. ಕಬ್ಬಿಣದ ಚೌಕಟ್ಟು, ನಾಲ್ಕು ಕಡೆ ಗಾಜು, ಸಂದಿಗೆ ಸೀಮೆಸುಣ್ಣದ ಪುಡಿ ಮತ್ತು ಅಗಸಿ ಎಣ್ಣೆ ಕಲಸಿ ನಾದಿದ ಅಂಟು. ಪೆಟ್ಟಿಗೆ ಮಾಡುವುದನ್ನು ಕಲಿತದ್ದು ಎರಡು ವರ್ಷದಲ್ಲಿ, ಅದರೊಳಗೆ ಯಾವ ಮೀನು ಯಾವುದರ ಜೋಡಿ ಬಾಳುತ್ತದೆ ಎಂಬುದನ್ನು ಕಲಿಯಲು ಉಳಿದ ಹನ್ನೆರಡು ವರ್ಷ. ಆಮೇಲೆ ಬೈಲಹೊಂಗಲಕ್ಕೆ ಬಂದು ಚೌಕಟ್ಟಿನ ಅಂಗಡಿ ಹಾಕಿದರು.

“ಚೆಂದ ಕಂಡದ್ದನ್ನೆಲ್ಲಾ ತಂದು ಒಂದ ಪೆಟಗ್ಯಾಗ ಹಾಕಿದ್ರ ಎಂಟ ದಿನದಾಗ ಅರ್ಧಾ ಸತ್ತಿರತಾವ್ರಿ. ಆರಸೂದಂದ್ರ ಹೆಣ್ಣ ನೋಡಾಕ ಹೋದಂಗ. ಬಣ್ಣಾ ಆಮ್ಯಾಲೆ. ಮೊದಲ ಎಲ್ಲಿ ಇರಾಕಿ, ಏನ್ ತಿನ್ನಾಕಿ, ಸಿಟ್ಟ ಎಷ್ಟು, ಅದನ್ನ ನೋಡಬೇಕು. ಆಫ್ರಿಕಾದಾವು ನೋಡಾಕ ಇಷ್ಟ ಇರತಾವ, ಆದ್ರ ನನ್ನ ಮನಿ, ನನ್ನ ಜಾಗಾ ಅನ್ನೂದು ಭಾಳ.”

ಬೈಲಹೊಂಗಲದ ಬಾವಿಗಳ ನೀರು ಗಡಸು, ಬೇಳೆ ಬೇಯುವುದಿಲ್ಲ ಎಂದು ಹೆಂಗಸರು ಬಯ್ಯುವ ನೀರು. ಆ ನೀರಿಗೆ ಹೊಂದುವ ಮೀನುಗಳನ್ನೇ ಅವರು ಎಪ್ಪತ್ಮೂರರಲ್ಲಿ ಈ ಪೆಟ್ಟಿಗೆಗೆಂದು ಮುಂಬಯಿಯಿಂದ ತಂದರು. ಡಾಲ್ಡಾ ಡಬ್ಬಿಯಲ್ಲಿ, ತೊಡೆಯ ಮೇಲಿಟ್ಟುಕೊಂಡು, ಒಂದು ರಾತ್ರಿ ರೈಲಿನಲ್ಲಿ, ಅರ್ಧ ದಿನ ಬಸ್ಸಿನಲ್ಲಿ. ಕಲ್ಲಿನ ಸಂದಿಯಲ್ಲಿ ಇರುವ ಪಟ್ಟೆಮೀನಿನ ಒಂದು ಜೋಡಿ ಬಲಕ್ಕೆ. ಕುಡಿಕೆಯಲ್ಲಿ ಇರುವ ಕುಂಕುಮದಾಕಿಯ ಜೋಡಿ ಎಡಕ್ಕೆ. ಕ್ರಿಬ್ ಮೀನಿಗೆ ಮಾತ್ರ ಮೆದು ನೀರೇ ಇಷ್ಟವಂತೆ. ಒಂದು ತಿಂಗಳು ದಿನಕ್ಕೊಂದು ಚರಿಗೆ ಗಡಸು ನೀರು ಬೆರೆಸಿ ರೂಢಿ ಮಾಡಿಸಿದರು. ನಡುವಿನ ಜಾಗ ಯಾರದೂ ಅಲ್ಲ. ಮೇಲೆ ಹನ್ನೆರಡು ಗೆರೆಮೀನು, ನಮ್ಮ ಮುನವಳ್ಳಿಯ ಹಳ್ಳದ್ದೇ.

ಈ ಗೆರೆಮೀನು ಯಾಕೆ ಎಂದು ಕೇಳಿದೆ.

“ಕೆಳಗಿನವ್ರು ಅಂಜುಬುರುಕರ್ರೀ. ಮ್ಯಾಲೆ ಯಾರರ ನಿರುಂಬಳ ಓಡ್ಯಾಡಾಕ ಹತ್ತಿದ್ರ, ಅಂಜಿಕಿ ಇಲ್ಲ ಅಂತ ತಿಳದು ತಾವೂ ಹೊರಗ ಬರತಾರ. ಒಬ್ಬರ ಧೈರ್ಯಾ ನೋಡಿ ಇನ್ನೊಬ್ಬರಿಗೆ ಧೈರ್ಯಾ.”

ಇದನ್ನು ಹೇಳುವಾಗ ಅವರು ನೋಡಿದ್ದು ಪೆಟ್ಟಿಗೆಯ ಕಡೆ ಅಲ್ಲ. ಬಾಗಿಲ ಬಳಿ ಚಿಕ್ಕ ಮೇಜಿನ ಹಿಂದೆ ನಂಬರಿನ ಚೀಟಿ ಜೋಡಿಸುತ್ತ ಕೂತಿದ್ದ ಸುಂದರವ್ವನ ಕಡೆ. ಅವರ ಒಬ್ಬಳೇ ಮಗಳು. ವಯಸ್ಸು ಇಪ್ಪತ್ತೆರಡು, ಹೆಚ್ಚುಕಡಿಮೆ ನನ್ನ ವಾರಿಗೆಯವಳು. ತಾಯಿ ಮಾಯವ್ವ ತೀರಿಕೊಂಡು ಐದು ವರ್ಷವಾಗಿದೆ. ಬೆಳಿಗ್ಗೆ ಎಂಟರಿಂದ ಒಂದರವರೆಗೆ ಈ ದವಾಖಾನೆಗೆ ಬರುವ ಅರವತ್ತು, ಎಪ್ಪತ್ತು ಮಕ್ಕಳಿಗೆ ಸುಂದರವ್ವ ಸರದಿ ಹಚ್ಚುತ್ತಾಳೆ. ಎಡಗೈಯ ಮೊಳಕೈ ಪೂರ್ತಿ ನೀಟಾಗುವುದಿಲ್ಲ. ಚೀಟಿಯನ್ನು ಬಲಗೈಯಿಂದ ಮಾತ್ರ ಕೊಡುತ್ತಾಳೆ.

ದವಾಖಾನೆಗೆ ಪೆಟ್ಟಿಗೆ ಬೇಕೆಂದವರು ಇಲ್ಲಿಯ ಡಾಕ್ಟರು. ಸೂಜಿ ಕಂಡು ಚೀರುವ ಮಕ್ಕಳಿಗೆ ಏನಾದರೂ ನೋಡಲು ಇರಲಿ ಎಂದು. ಅದನ್ನು ಕಂಡು ಕಿತ್ತೂರಿನ ಒಂದು ಶಾಲೆ, ಸವದತ್ತಿಯ ಒಂದು ಖಾನಾವಳಿ ಸಹ ಮಾಡಿಸಿಕೊಂಡವು. ಕಿತ್ತೂರಿನದರಲ್ಲಿ ಈಗ ಸೀಮೆಸುಣ್ಣ, ಡಸ್ಟರು ಇಡುತ್ತಾರೆ. ಸವದತ್ತಿಯದರಲ್ಲಿ ಬೇಸನ್ ಉಂಡಿ ಇವೆ. “ನೊಣಾ ಹೋಗೂದಿಲ್ಲ ನೋಡ್ರಿ, ಗಾಜ ಚಲೋ ಐತಿ,” ಎಂದು ಶಟ್ಟೆಪ್ಪನವರು ನಗುತ್ತಾರೆ. ಊರಿಗೆ ಬಂದ ಮೇಲೆ ನಾಲ್ಕು ಪೆಟ್ಟಿಗೆ ಮಾಡಿದೆ ಎಂದು ಮೊದಲೇ ಹೇಳಿದ್ದರು; ನಾಲ್ಕನೆಯದು ಎಲ್ಲಿದೆ ಎಂದಾಗ ನಗು ನಿಂತಿತು.

“ಅದು ರಾಮದುರ್ಗದಾಗೈತಿ. ಮಗಳ ಜೋಡಿ ಕಳಿಸಿದ್ನಿ. ನಾ ಮಾಡಿದ್ದರಾಗ ಅದ ಎಲ್ಲಾಕ್ಕಿಂತ ಚೆಂದಿತ್ತು. ಈಗ ಅದರಾಗ ಮಗ್ಗದ ನೂಲ ಸುತ್ತೂ ಕಂಡಕಿ ತುಂಬ್ಯಾರಂತ.”

ಎಪ್ಪತ್ನಾಲ್ಕನೆಯ ಇಸವಿಯಲ್ಲಿ ಶಟ್ಟೆಪ್ಪನವರು ಎರಡು ಸಂಬಂಧ ಕೂಡಿಸಿದರು. ಎರಡನ್ನೂ ಒಂದೇ ಲೆಕ್ಕದ ಮೇಲೆ.

ಮೊದಲನೆಯದು ಮೀನಿನದು. ಮಲಪ್ರಭೆಯ ಆಣೆಕಟ್ಟಿನ ನೀರಿನಲ್ಲಿ ಬಲೆ ಹಾಕುವ ಮುನವಳ್ಳಿಯ ಹನುಮಪ್ಪ ಒಂದು ದಿನ ಕೊಡದಲ್ಲಿ ಆರು ಮರಿಮೀನು ತಂದ. ಹೆಬ್ಬೆರಳಿನಷ್ಟು. ತಿಲಾಪಿಯಾ ಎಂದು ಮೀನುಗಾರಿಕೆ ಇಲಾಖೆಯ ಸಾಹೇಬರು ಹೇಳಿದರಂತೆ, ಇವೂ ಆಫ್ರಿಕದಿಂದಲೇ ಬಂದವಂತೆ, ನಿನ್ನ ಮೀನುಗಳ ಬಳಗವೇ ಅಂತೆ. ಉಸ್ತಾದರ ಮೊದಲ ಪಾಠ ಶಟ್ಟೆಪ್ಪನವರಿಗೆ ನೆನಪಿತ್ತು. ಒಂದೇ ರೂಪದವು, ಒಂದೇ ಜಾಗ ಬೇಡುವವು, ಒಂದೇ ಬಳಗದವು ಇದ್ದರೆ ಎರಡು ಸಲ ವಿಚಾರ ಮಾಡಿ ಹಾಕು, ದೂರದವರೇ ಚೆನ್ನಾಗಿ ಹೊಂದುತ್ತಾರೆ.

“ಉಸ್ತಾದ್ರು ಹೇಳಿದ್ದು ಮುಂಬೈ ಮಾತು, ನಮ್ಮ ಕಡೆ ಹಂಗಲ್ಲ ಅಂದ್ನಿ. ನಮ್ಮಲ್ಲಿ ಹೆಣ್ಣ ತರೂದು, ಕೊಡೂದು ಎಲ್ಲಾ ಒಳಗಿಂದೊಳಗ. ಅಕ್ಕನ ಮಗಾ ಇರಾಗ ಹೊರಗ ಯಾಕ ನೋಡಬೇಕು? ರಕ್ತಾ ರಕ್ತದ ಕೈ ಬಿಡೂದಿಲ್ಲ, ಹಂಗ ತಿಳದಿದ್ನಿ. ಇವೂ ಅದ ಕುಲದಾವು, ಹೊಂದಕೋತಾವ ಅಂತ ಹಾಕಿಬಿಟ್ನಿ.”

ಮೊದಲ ಎರಡು ತಿಂಗಳು ಹೊಂದಿಕೊಂಡೇ ಇದ್ದವು. ಮಕ್ಕಳು ಹಿಗ್ಗಿದರು. ಆಮೇಲೆ ತಿಲಾಪಿಯಾ ಬೆಳೆದವು. ಅಂಗೈಯುದ್ದ ಆದವು. ಉಸುಕನ್ನೆಲ್ಲ ಬಾಯಿಂದ ತೋಡಿ ಗುಂಡಿ ಮಾಡಿದವು. ಕುಡಿಕೆ ಉರುಳಿತು. ಕುಂಕುಮದಾಕಿ ಸಾಕುತ್ತಿದ್ದ ಐವತ್ತು ಮರಿ ಒಂದೇ ದಿನದಲ್ಲಿ ಇಲ್ಲವಾದವು. ಪಟ್ಟೆಮೀನಿನ ಜೋಡಿ ಸತ್ತಿತು. ಕೊನೆಗೆ ಕುಂಕುಮದಾಕಿಯ ಗಂಡು, ಬಾಲ ಹರಿದು, ನೀರ ಮೇಲೆ ಬಂದಿತ್ತು. ಕೆಳಗಿನವರಲ್ಲಿ ಆಕೆ ಮಾತ್ರ ಒಂದು ಮೂಲೆಯಲ್ಲಿ ಉಳಿದಿದ್ದಳು.

“ತಿಲಾಪಿಯಾದ್ದ ಏನೂ ತಪ್ಪಿಲ್ಲರಿ. ಅದರ ಸ್ವಭಾವ ಅದು. ಹೊಳ್ಯಾಗ ಇದ್ದಿದ್ರ ಚಲೋನ ಇರತಿತ್ತು. ಹಾಕಿದಾಂವ ನಾ.” ಅವನ್ನು ಹಿಡಿದು ಹನುಮಪ್ಪನಿಗೆ ವಾಪಸು ಕೊಟ್ಟರು. “ಹೊಂದಕೊಳ್ಳಲಿಲ್ಲೇನು? ಸಾರಿನ್ಯಾಗ ಎಲ್ಲಾ ಹೊಂದಕೋತಾವ ತಗೋ ಮಾವಾ,” ಎಂದು ಅವನು ಕೊಡ ಹೊತ್ತು ನಡೆದ.

ಎರಡನೆಯದು ಮಗಳದು. ಅದೇ ವರ್ಷ ರಾಯವ್ವ ರಾಮದುರ್ಗದಿಂದ ಬಂದು ತನ್ನ ಮಗನಿಗೆ ಸುಂದರವ್ವನನ್ನು ಕೇಳಿದರು. ಶಟ್ಟೆಪ್ಪನವರು ಅಂಗಡಿಯಲ್ಲಿ ಗಾಜು ಕೊಯ್ಯುತ್ತಿದ್ದರು. ಕೊಯ್ಯುವ ಕೈ ನಿಲ್ಲಿಸದೆ ಹೂಂ ಅಂದರು. ಸುಂದರವ್ವ ಪಿ.ಯು.ಸಿ. ಮೊದಲ ವರ್ಷದಲ್ಲಿದ್ದಳು. ಮನೆಗೆ ಬಂದಾಗ ಆಕೆಗೆ ಹೇಳಿದರು. ಕೇಳಲಿಲ್ಲ.

ಹದಿನಾಲ್ಕು ತಿಂಗಳ ನಂತರ ಒಂದು ಬೆಳಿಗ್ಗೆ ಮೊದಲ ಬಸ್ಸಿಗೆ, ಒಂದು ಟ್ರಂಕು ಹಿಡಿದು ಆಕೆ ಇಳಿದಳು. ಎಡಗೈಯನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಮುರಿದು ಹತ್ತು ದಿನವಾಗಿತ್ತು ಎಂದು ಡಾಕ್ಟರು ಹೇಳಿದರು. ಆ ಬಳಿಕ ಇದೇ ದವಾಖಾನೆಯಲ್ಲಿ ಕೆಲಸ ಕೊಟ್ಟವರೂ ಅವರೇ.

“ಅಲ್ಲಿ ಏನಾತು ಅಂತ ಆಕಿ ಹೇಳಿಲ್ಲ. ನನಗೂ ಕೇಳೂ ಮಾರಿ ಇಲ್ಲ,” ಎನ್ನುತ್ತಾರೆ ಶಟ್ಟೆಪ್ಪ.

ಇದನ್ನೆಲ್ಲ ಬರೆಯಬಹುದೇ ಎಂದು ಸುಂದರವ್ವನನ್ನು ಕೇಳಲು ನನಗೆ ಎರಡು ದಿನ ಬೇಕಾಯಿತು. ಆಕೆ ನನ್ನ ವಹಿ ಇಸಿದುಕೊಂಡು ಓದಿದಳು. “ಬರೀರಿ. ಆದ್ರ ಓದಿದವ್ರು ಅಯ್ಯೋ ಪಾಪ ಅನ್ನೂಹಂಗ ಬರೀಬ್ಯಾಡ್ರಿ. ಅದನ್ನ ಕೇಳಿ ಕೇಳಿ ಸಾಕಾಗೇತಿ,” ಎಂದು ವಾಪಸು ಕೊಟ್ಟಳು. ತಂದೆಯ ಜೋಡಿ ಆಕೆ ಮಾತು ಬಿಟ್ಟಿಲ್ಲ. ಊಟಕ್ಕೆ ಬಾ ಎನ್ನುತ್ತಾಳೆ, ಕರೆಂಟು ಹೋಯಿತು ಎನ್ನುತ್ತಾಳೆ. ತನಗೆ ಇಂಥದ್ದು ಬೇಕು, ಇಂಥದ್ದು ತಂದು ಕೊಡು ಎಂದು ಮಾತ್ರ ಎರಡು ವರ್ಷದಲ್ಲಿ ಒಂದು ಸಲವೂ ಅಂದಿಲ್ಲ.

ಕಳೆದ ತಿಂಗಳು ರಾಯವ್ವ ಮತ್ತೆ ಬಂದಿದ್ದರು. ಆದದ್ದು ಆಯಿತು, ಹುಡುಗಿಯನ್ನು ಕಳಿಸು, ಇಲ್ಲವಾದರೆ ಅಕ್ಕ ಎನ್ನುವುದನ್ನು ಮರೆತುಬಿಡು ಎಂದರು. ಶಟ್ಟೆಪ್ಪನವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬರುವ ಸೋಮವಾರ ಬಂದು ಕೇಳಿಕೊಂಡು ಹೋಗುತ್ತೇನೆ ಎಂದು ಅಕ್ಕ ಹೇಳಿಕಳಿಸಿದ್ದಾರೆ.

ಗಾಜಿನ ಪರದೆಗೆ ಹದಿನೈದು ದಿನ ತುಂಬುವುದು ಅದೇ ಸೋಮವಾರ. ನಾನು ಏಳಕ್ಕೇ ಹೋದೆ. ಶಟ್ಟೆಪ್ಪನವರು ಆಗಲೇ ಎರೆಹುಳ ಕೊಚ್ಚಿ ಇಟ್ಟಿದ್ದಾರೆ. ದನದ ಬಾನಿಯಿಂದ ಹಳೆ ಧೋತರದ ಬಟ್ಟೆಯಲ್ಲಿ ಸೋಸಿ ತಂದ ಸೊಳ್ಳೆಮರಿ ಒಂದು ಬಟ್ಟಲಿನಲ್ಲಿವೆ. ಇವೇ ಈ ಮೀನುಗಳ ಊಟ. ವಾರಕ್ಕೆ ಆರು ಕೊಡ ಹಳೆ ನೀರು ತೆಗೆದು ಆರು ಕೊಡ ಹೊಸದು ಹಾಕುವುದು ನಿನ್ನೆಯೇ ಮುಗಿದಿದೆ. ಎರಡೂ ಕಡೆ ಮೀನಿನ ಹೊಟ್ಟೆ ತುಂಬಿಸಿ, ಹಸಿದ ಹೊಟ್ಟೆಯಲ್ಲಿ ಜಗಳ ಜಾಸ್ತಿ ಎನ್ನುತ್ತ, ಪರದೆಯನ್ನು ಎರಡು ಬೆರಳಿನಿಂದ ಹಿಡಿದು ಮೇಲಕ್ಕೆ ಎಳೆಯುತ್ತಾರೆ. ಅಷ್ಟರಲ್ಲಿ ಬಂದಿದ್ದ ಐದಾರು ಮಕ್ಕಳು ಗಾಜಿಗೆ ಮೂಗು ಹಚ್ಚುತ್ತಾರೆ.

ಗಂಡು ಮೆಲ್ಲಗೆ ಈಚೆ ಬರುತ್ತದೆ. ಮೈ ನಡುಗಿಸುತ್ತದೆ, ಬಾಗುತ್ತದೆ. ಕುಂಕುಮದಾಕಿ ಕುಡಿಕೆಯ ಬಾಯಲ್ಲಿ ನಿಂತೇ ಇದ್ದಾಳೆ. ಒಪ್ಪಿದರೆ ಆಕೆ ಹೊಟ್ಟೆಯ ಕೆಂಪನ್ನು ಅವನ ಕಡೆ ತಿರುಗಿಸಬೇಕಂತೆ. ತಿರುಗಿಸುವುದಿಲ್ಲ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಹಾರಿ ಅವನ ಪಕ್ಕೆ ಕಚ್ಚುತ್ತಾಳೆ. ಎರಡು ಸಲ, ಮೂರು ಸಲ. ಶಟ್ಟೆಪ್ಪನವರು ಪರದೆ ಇಳಿಸುತ್ತಾರೆ.

“ಬ್ಯಾಡಂತ ಆಕಿಗೆ.”

“ಇನ್ನೊಮ್ಮಿ ನೋಡ್ರಿ ಕಾಕಾ,” ಎನ್ನುತ್ತಾಳೆ ಜ್ವರದ ಒಬ್ಬ ಹುಡುಗಿ.

“ಬ್ಯಾಡ ಅಂದಿಂದ ಮತ್ತೇನ ನೋಡೂದವ್ವಾ.”

ಚೀಟಿಯ ಮೇಜಿನಿಂದ ಸುಂದರವ್ವನ ದನಿ ಬಂತು. ಜೋರೇನೂ ಅಲ್ಲ. “ಅಪ್ಪಾ, ಮೀನಿಗೆ ಹದಿನೈದು ದಿನಾ ಗಾಜ ಹಿಡದು ಕೇಳಿದಿ. ನನಗ ಹದಿನೈದು ನಿಮಿಷಾ ಕೊಟ್ಟಿದ್ದಿಲ್ಲ ನೋಡು.”

ಶಟ್ಟೆಪ್ಪನವರು ಒದ್ದೆಯಾದ ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕಿದರು. ಅದು ಹೆಗಲ ಮೇಲೆಯೇ ಇತ್ತು.

ರಾಯವ್ವ ಬಂದದ್ದು ಒಂಬತ್ತು ಗಂಟೆಗೆ. ಮನೆಗೆ ಬೀಗ ಹಾಕಿದ್ದು ಕಂಡು ನೇರ ದವಾಖಾನೆಗೇ ಬಂದಿದ್ದರು. ಬೆಂಚುಗಳು ತುಂಬಿದ್ದವು. ಇಳಕಲ್ ಸೀರೆಯ ಸೆರಗು ತಲೆ ಮೇಲೆ ಎಳೆದುಕೊಳ್ಳುತ್ತ ಪೆಟ್ಟಿಗೆಯನ್ನೊಮ್ಮೆ, ತಮ್ಮನನ್ನೊಮ್ಮೆ ನೋಡಿದರು.

“ಏನಪಾ ತಮ್ಮಾ, ಮೀನ ಸಂಭಾಳಿಸಾಕ ಬರತೈತಿ, ಮನಿತನಾ ಸಂಭಾಳಿಸಾಕ ಬರೂದಿಲ್ಲೇನು?”

“ಕುಂದರವಾ ಅಕ್ಕಾ. ನೀರ ಕುಡೀ.”

“ಕುಂದ್ರಾಕ ಬಂದಿಲ್ಲ ನಾ. ಹತ್ತೂವರಿ ಬಸ್ಸಿಗೆ ತಿರಗಿ ಹೋಗಬೇಕು. ಹುಡಿಗೀನ ಕಳಸ್ತಿಯೋ ಇಲ್ಲೋ, ಅಷ್ಟ ಹೇಳು.”

ಶಟ್ಟೆಪ್ಪನವರು ಅಕ್ಕನ ಕಡೆಯಿಂದ ತಿರುಗಿದರು. ಪೆಟ್ಟಿಗೆಯ ಬಳಿಯಿಂದ ಚೀಟಿಯ ಮೇಜಿನ ತನಕ ನಾಲ್ಕು ಹೆಜ್ಜೆ ನಡೆದು ನಿಂತರು.

“ಸುಂದ್ರಾ. ನೀ ಏನಂತೀ?”

ಸುಂದರವ್ವ ಮೊದಲು ಕೈಯಲ್ಲಿದ್ದ ಚೀಟಿಯನ್ನು ಕೊಡಬೇಕಾದವರಿಗೆ ಕೊಟ್ಟಳು. “ಹದಿನಾಕನೇ ನಂಬರು ಒಳಗ ಹೋಗ್ರಿ,” ಎಂದಳು. ಆಮೇಲೆ ಎದ್ದು ನಿಂತಳು. “ನಾ ಬರೂದಿಲ್ಲ ಅತ್ತಿ. ನೀವು ಬಿಸಿಲ ಏರೂದ್ರಾಗ ಬಸ್ ಹಿಡೀರಿ.”

“ಇದನ್ನ ಆಕಿ ಬಾಯಿಲೆ ಅನಿಸಾಕ ಆಕೀನ ಕೇಳಿದೆಲ್ಲೋ?” ರಾಯವ್ವ ತಮ್ಮನನ್ನೇ ನೋಡಿದರು.

“ಹೂಂ ಅಕ್ಕಾ. ಮೂರು ವರ್ಷ ತಡಾ ಮಾಡಿ ಕೇಳಿದ್ನಿ.”

ನೀರು ಕುಡಿಯದೆಯೇ ರಾಯವ್ವ ಮೆಟ್ಟಿಲಿಳಿದರು. ತಲೆ ಬಾಚಿ ಶಾಲೆಗೆ ಕಳಿಸಿದವರು. ಶಟ್ಟೆಪ್ಪನವರು ಬಾಗಿಲ ತನಕ ಹೋದರು. ಓಣಿಯ ತಿರುವಿನಲ್ಲಿ ಸೀರೆ ಮರೆಯಾಗುವ ತನಕ ಚೌಕಟ್ಟು ಹಿಡಿದು ನಿಂತೇ ಇದ್ದರು. ಆ ಬೆನ್ನನ್ನು ನೋಡುತ್ತ ಕೂತ ನನಗೆ ಅಂದು ವಹಿಯಲ್ಲಿ ಒಂದು ಸಾಲನ್ನೂ ಬರೆಯಲಾಗಲಿಲ್ಲ.

ಮಧ್ಯಾಹ್ನ ಅಂಗಡಿಯಲ್ಲಿ ಸಿಕ್ಕರು. ಬೇಡವೆನಿಸಿಕೊಂಡ ಗಂಡುಮೀನು ಚಟ್ನಿಯ ಗಾಜಿನ ಭರಣಿಯಲ್ಲಿ, ಸೂರ್ಯನ ಬೆಳಕು ಬೀಳದ ಕಡೆ ಇದೆ. ಕುಂಕುಮದಾಕಿಗೆ ವಯಸ್ಸಾಯಿತು. ಇನ್ನೊಂದು ವರ್ಷ ಇರಬಹುದು. ಇನ್ನು ಆಕೆಗೆ ಯಾರನ್ನೂ ತರುವುದಿಲ್ಲವಂತೆ. ಮೇಲಿನ ಗೆರೆಮೀನುಗಳ ಜೋಡಿ ಇರುತ್ತಾಳೆ.

ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕೇಳಿದೆ.

“ಮೀನ ಆರಸೂದು ಭಾಳ ಚಲೋ ಗೊತ್ತಿತ್ತು ಅಂತ ಬರೀಬ್ಯಾಡ್ರಿ. ಗೊತ್ತಿದ್ರ ಅಷ್ಟು ಜೀವಾ ಯಾಕ ಹೋಗತಿದ್ದುವು. ಗಾಜ ಚಲೋ ಕೊಯ್ಯತಾನ ಅಂತ ಬರೀರಿ, ಅದು ಖರೇ ಐತಿ.” ಮೊಳದ ಕೋಲು ಇಟ್ಟು ಗಾಜಿನ ಮೇಲೆ ಗೆರೆ ಎಳೆಯತೊಡಗಿದರು. ಯಾರದೋ ಲಗ್ನದ ಫೋಟೋಗೆ ಇರಬೇಕೆಂದುಕೊಂಡೆ. ಆದರೆ ಗಾಜು ಅದಕ್ಕೆ ಬಹಳ ದೊಡ್ಡದಿತ್ತು. ಮೂಲೆಯಲ್ಲಿ ಕಬ್ಬಿಣದ ಪಟ್ಟಿಗಳೂ ಇದ್ದವು, ಒಂದು ಡಬ್ಬಿ ಅಗಸಿ ಎಣ್ಣೆಯೂ.

ನಾನು ನೋಡುತ್ತಿರುವುದನ್ನು ಕಂಡು, ಕೈ ನಿಲ್ಲಿಸಿದರು. ಪೂರ್ತಿ ನಿಲ್ಲಿಸಿ, ಹೇಳಿದರು:

“ಬುತ್ತಿ ಕೊಡಾಕ ಬಂದಿದ್ಲುರಿ ಸುಂದ್ರಾ. ಭರಣ್ಯಾಗ ಅದು ಎಷ್ಟ ದಿನಾ ಇರಬೇಕು, ಅದಕ್ಕೊಂದು ಬ್ಯಾರೇ ಪೆಟಗಿ ಮಾಡಿಕೊಡು, ನಾನ ಜ್ವಾಕಿ ಮಾಡತೇನಿ ಅಂದ್ಲು. ಎಷ್ಟ ಉದ್ದಾ ಬೇಕು ಅಂತ ಕೇಳಿದ್ನಿ. ಎರಡೂವರಿ ಫೂಟು ಅಂದಾಳ.”